ಬ್ರಷ್ ಮತ್ತು ಇಂಕಿನ ಗೆರೆ: ಕೈ ಪಳಗುವ ತನಕ ಹಂತ ಹಂತವಾಗಿ

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯ ಹಾಲ್‌ನಲ್ಲಿ ಭಾನುವಾರ ಬೆಳಿಗ್ಗೆ ಐದಾರು ಜನ ಕೂತು ಬ್ರಷ್ಷಿನಲ್ಲಿ ಗೆರೆ ಎಳೆಯುತ್ತೇವೆ. ಹೊಸದಾಗಿ ಬರುವವರು ಮನೆಯಲ್ಲಿ ಮಾಡಿ ನೋಡಿದ ಹಾಳೆಗಳನ್ನು ತರುತ್ತಾರೆ. ಹಾಳೆ ಬೇರೆ ಬೇರೆ, ತಪ್ಪು ಮಾತ್ರ ಒಂದೇ. ಗೆರೆ ಶುರುವಾಗುವ ಕಡೆ ದೊಡ್ಡ ಬೊಟ್ಟು, ನಡುವೆ ಒಂದಿಷ್ಟು ಕೆಸರು, ಕೊನೆಗೆ ಎರಡಾಗಿ ಸೀಳಿದ ಬಾಲ.

ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು ಬಂದಿದ್ದರು. "ಕೈ ನಡುಗ್ತದಮ್ಮ, ವಯಸ್ಸಾಯ್ತಲ್ಲ" ಅಂದರು. ಅವರು ಇಂಕು ಅದ್ದುವುದನ್ನು ನೋಡಿದೆ. ಬ್ರಷ್ಷನ್ನು ಬಾಟಲಿಯೊಳಗೆ ಕುತ್ತಿಗೆ ತನಕ ಮುಳುಗಿಸಿ, ಹಾಗೇ ಎತ್ತಿ ತಂದು ಕಾಗದದ ಮೇಲಿಟ್ಟರು. "ಒಂದ್ಸಲ ಬಟ್ಟೆಗೆ ತಾಗಿಸಿ, ಆಮೇಲೆ ಎಳೀರಿ ಅಂಕಲ್" ಅಂದೆ. ಗೆರೆ ಚೆನ್ನಾಗೇ ಬಂತು. ತುದಿಯಲ್ಲಿ ನೇತಾಡುತ್ತಿದ್ದ ಹನಿಯನ್ನು ಅವರು ಇಷ್ಟು ದಿನ ಕೈಯ ನಡುಕ ಅಂದುಕೊಂಡಿದ್ದರು.

ನಾನು ನೋಡಿದ ಮಟ್ಟಿಗೆ ಹತ್ತರಲ್ಲಿ ಏಳು ಗೆರೆ ಕೆಡುವುದು ಬ್ರಷ್ ಕಾಗದಕ್ಕೆ ತಾಗುವ ಮೊದಲೇ. ಅದಕ್ಕೇ ಇಲ್ಲಿ ಸುಮಾರು ಅರ್ಧ ಮಾತು ಆ ಮೊದಲಿನ ಕೆಲಸಗಳದ್ದು. ಅದನ್ನು ಹಾರಿಸಿ ಕೆಳಗಿನ ಮೀನಿನ ಚಿತ್ರಕ್ಕೆ ಹೋದರೆ ಮತ್ತೆ ಅದೇ ಬೊಟ್ಟು, ಅದೇ ಬಾಲ.

## ಬೇಕಾದ ಸಾಮಾನು, ಬೇಡದ ಸಾಮಾನು

ಬ್ರಷ್. ದುಂಡು ಬ್ರಷ್, 6ನೇ ನಂಬರ್, ಸಿಂಥೆಟಿಕ್. ಒಂದು ಸಾಕು. ಸಣ್ಣ ಗೆರೆಗೆ ಸಣ್ಣ ಬ್ರಷ್ ಅಂತ ಎಲ್ಲರೂ ಮೊದಲು ಸೊನ್ನೆ ನಂಬರ್ ಕೊಳ್ಳುತ್ತಾರೆ. ಅದರಲ್ಲಿ ಇಂಕು ನಿಲ್ಲುವುದೇ ಇಲ್ಲ. ಎರಡು ಇಂಚು ಎಳೆಯುವಷ್ಟರಲ್ಲಿ ಒಣಗಿರುತ್ತದೆ. 6ನೇ ನಂಬರಿನ ತುದಿ ಚೂಪಾಗಿದ್ದರೆ ಕೂದಲೆಳೆಯಷ್ಟು ಸಣ್ಣ ಗೆರೆಯೂ ಅದರಲ್ಲೇ ಬರುತ್ತದೆ.

ಅಂಗಡಿಯಲ್ಲಿ ಒಂದು ಲೋಟ ನೀರು ಕೇಳಿ. ಸಂಕೋಚ ಬೇಡ. ಬ್ರಷ್ ಅದ್ದಿ, ಒಮ್ಮೆ ಜಾಡಿಸಿ. ಕೂದಲೆಲ್ಲ ಸೇರಿ ಒಂದೇ ಮೊನೆ ಆಗಬೇಕು. ಹೆಬ್ಬೆರಳ ಉಗುರಿನ ಮೇಲೆ ಒತ್ತಿ ಬಿಟ್ಟರೆ ನೆಟ್ಟಗೆ ವಾಪಸ್ ಬರಬೇಕು. ಬಾಗಿದ್ದು ಬಾಗಿಯೇ ಉಳಿದರೆ ಬೇಡ. ನಾನು ಒಮ್ಮೆ "ಅಸಲಿ ಸೇಬಲ್" (ಪ್ರಾಣಿಯ ಕೂದಲಿನ ದುಬಾರಿ ಬ್ರಷ್) ಅಂತ ನಾಲ್ಕು ಪಟ್ಟು ದುಡ್ಡು ಕೊಟ್ಟು ತಂದೆ. ಮನೆಗೆ ಬಂದು ಒದ್ದೆ ಮಾಡಿದರೆ ಪೊರಕೆ! ಆಮೇಲೆ ನೀರಿಗೆ ಅದ್ದದೆ ಒಂದೂ ಬ್ರಷ್ ತಂದಿಲ್ಲ. ಇನ್ನೊಂದು ಮಾತು: ಯಾರಾದರೂ ಮುಂಗುಸಿ ಕೂದಲಿನ ಬ್ರಷ್ ಅಂತ ತೋರಿಸಿದರೆ ಮುಟ್ಟಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದರ ವ್ಯಾಪಾರ ಅಪರಾಧ.

ಇಂಕು. ಕಪ್ಪು ವಾಟರ್‌ಪ್ರೂಫ್ ಡ್ರಾಯಿಂಗ್ ಇಂಕು. ಕ್ಯಾಮೆಲ್‌ನದ್ದು ಸ್ಟೇಷನರಿ ಅಂಗಡಿಗಳಲ್ಲಿ ಸಿಗುತ್ತದೆ, ಕಲಿಯಲು ಅದು ಧಾರಾಳ. ಫೌಂಟನ್ ಪೆನ್ನಿನ ಇಂಕು ಬೇಡ. ಕಾಗದದಲ್ಲಿ ಹರಡುತ್ತದೆ, ಮೇಲೆ ಒದ್ದೆ ಕೈ ತಾಗಿದರೆ ಎದ್ದು ಬರುತ್ತದೆ. ಹಾಗೆಯೇ ಈ ಡ್ರಾಯಿಂಗ್ ಇಂಕನ್ನು ಫೌಂಟನ್ ಪೆನ್ನಿಗೆ ತುಂಬಬೇಡಿ. ಒಳಗೇ ಗಟ್ಟಿಯಾಗಿ ಪೆನ್ನು ಕಟ್ಟಿಕೊಳ್ಳುತ್ತದೆ. ಬಾಟಲಿ ಕುಲುಕುವ ಬದಲು ಎರಡು ಅಂಗೈ ನಡುವೆ ಉರುಳಿಸಿ. ಕುಲುಕಿದರೆ ನೊರೆ ಬಂದು ಗೆರೆಯಲ್ಲಿ ತೂತು ಬೀಳುತ್ತದೆ.

ಕಾಗದ. ಮೊದಲ ವಾರಕ್ಕೆ ಹಳೆ ನ್ಯೂಸ್‌ಪೇಪರ್. ಅದು ಇಂಕನ್ನು ಬೇಗ ಹೀರುತ್ತದೆ. ನಿಮ್ಮ ಕೈ ಎಲ್ಲಿ ನಿಂತಿತು ಅಂತ ಅಲ್ಲೇ ಚಾಡಿ ಹೇಳುತ್ತದೆ. ಕಾಲಂಗಳು ಪಟ್ಟಿ ಹಾಕಿದ ಪುಸ್ತಕದ ಕೆಲಸ ಮಾಡುತ್ತವೆ. ಆಮೇಲೆ 140 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂ ಲೆಕ್ಕದಲ್ಲಿ) ಅಥವಾ ಅದಕ್ಕಿಂತ ದಪ್ಪದ ಕಾರ್ಟ್ರಿಜ್ ಹಾಳೆ, ಅಂದರೆ ಚಿತ್ರ ಬಿಡಿಸುವ ಹಾಳೆ. ಝೆರಾಕ್ಸ್ ಹಾಳೆ ಸುಕ್ಕಾಗುತ್ತದೆ. ಹೊಳಪಿನ ಕ್ಯಾಲೆಂಡರ್ ಹಾಳೆಯ ಮೇಲೆ ಇಂಕು ಕೆಸುವಿನೆಲೆ ಮೇಲಿನ ನೀರಿನ ಹಾಗೆ ಗುಂಡಗಾಗುತ್ತದೆ.

ಉಳಿದದ್ದು ಮನೆಯಲ್ಲೇ ಇದೆ. ಎರಡು ಲೋಟ ನೀರು. ಹಳೆ ಬನಿಯನ್ ಬಟ್ಟೆ (ಟಿಶ್ಯೂ ಪೇಪರ್‌ನ ನಾರು ತುದಿಗೆ ಅಂಟುತ್ತದೆ). ಹಾಳೆ ಕದಲದಂತೆ ಮಾಸ್ಕಿಂಗ್ ಟೇಪ್. ಬಳಸದೆ ಬಿದ್ದಿರುವ ಸ್ಟೀಲಿನ ಇಡ್ಲಿ ತಟ್ಟೆ, ತೂತಿಲ್ಲದ್ದು. ನಾಲ್ಕು ಗುಂಡಿಯಲ್ಲಿ ನಾಲ್ಕು ಬಗೆಯ ಇಂಕು ಕೂರುತ್ತದೆ. ಇನ್ನು ಅದರಲ್ಲಿ ಇಡ್ಲಿ ಮಾಡುವ ಆಸೆ ಬಿಡಬೇಕು, ಅಷ್ಟೆ.

ಬಾಟಲಿಗೆ ನೇರವಾಗಿ ಬ್ರಷ್ ಅದ್ದಬೇಡಿ. ಒಂದು ಗುಂಡಿಗೆ ಅರ್ಧ ಚಮಚ ಇಂಕು ಸುರಿದು, ಮುಚ್ಚಳ ಬಿಗಿದು, ಬಾಟಲಿಯನ್ನು ಬೇರೆ ಕೋಣೆಯಲ್ಲಿಟ್ಟು ಬನ್ನಿ. ಒಂದೇ ಬೆಡ್‌ರೂಮಿನ ಮನೆಯಲ್ಲಿ ಮೊಣಕೈಗೆ ತಾಗದ ಜಾಗ ಎಲ್ಲಿದೆ? ನಮ್ಮ ಮನೆಯ ಹೊಸ ಬೆಡ್‌ಶೀಟಿನ ನಡುವೆ ಒಂದು ಕಪ್ಪು ಶ್ರೀಲಂಕಾ ಈಗಲೂ ಇದೆ.

## ಹಂತ 1: ಹೊಸ ಬ್ರಷ್ಷಿನ ಗೋಂದು ಬಿಡಿಸುವುದು

ಅಂಗಡಿಯ ಬ್ರಷ್ಷಿನ ತುದಿ ಕಡ್ಡಿಯ ಹಾಗೆ ಗಟ್ಟಿ ಇರುತ್ತದೆ. ತುದಿ ಕೆಡದಿರಲಿ ಅಂತ ಗೋಂದು ಹಚ್ಚಿರುತ್ತಾರೆ. ಉಗುರುಬೆಚ್ಚಗಿನ ನೀರಿನಲ್ಲಿ ಎರಡು ನಿಮಿಷ ಅದ್ದಿ, ಅಂಗೈ ಮೇಲೆ ಮೆಲ್ಲಗೆ ಸವರಿ. ಜಾರುವ ಅಂಟು ಹೋಗುವ ತನಕ ನೀರು ಬದಲಿಸಿ. ಒಣ ಬ್ರಷ್ಷನ್ನು ಬೆರಳಲ್ಲಿ ಮುರಿದು ಬಿಡಿಸಿದರೆ ಕೂದಲು ಬುಡದಲ್ಲೇ ತುಂಡಾಗುತ್ತದೆ. ಬಿಸಿ ನೀರು ಹಾಕಿದರೆ ಕೂದಲನ್ನು ಲೋಹದ ಬಳೆಗೆ ಕಟ್ಟಿರುವ ಅಂಟೇ ಸಡಿಲವಾಗುತ್ತದೆ.

## ಹಂತ 2: ಮೂರು ದಿನ ಬರೀ ನೀರು

ಇಲ್ಲಿನ ಹಳೆ ಫ್ಲ್ಯಾಟ್‌ಗಳ ಅಡುಗೆಕಟ್ಟೆ, ಅದೇ ಮರಾಠಿಯವರು ಓಟಾ ಅನ್ನುತ್ತಾರಲ್ಲ, ಅದು ಕಡಪ ಕಲ್ಲಿನದು. ಪಾಲಿಶ್ ಇಲ್ಲದ ಕಡಪ ಕಲ್ಲು ಒಣಗಿದಾಗ ಬೂದಿ ಬಣ್ಣ, ನೀರು ತಾಗಿದರೆ ಅಚ್ಚ ಕಪ್ಪು. ಬ್ರಷ್ಷನ್ನು ನೀರಿಗೆ ಅದ್ದಿ ಅದರ ಮೇಲೆ ಗೆರೆ ಎಳೆಯಿರಿ. ಫ್ಯಾನ್ ಇದ್ದರೆ ಒಂದೆರಡು ನಿಮಿಷದಲ್ಲಿ ಮಾಯ. ಮತ್ತೆ ಎಳೆಯಿರಿ. ಕಾಗದದ ಖರ್ಚಿಲ್ಲ, ಹಾಳಾದೀತು ಅನ್ನುವ ಹೆದರಿಕೆಯಿಲ್ಲ.

ಇಲ್ಲಿ ನೋಡಬೇಕಾದದ್ದು ಗೆರೆಯ ಅಂದವಲ್ಲ. ಅದು ಹೇಗೆ ಒಣಗುತ್ತದೆ ಅಂತ ನೋಡಿ. ಎಲ್ಲಿ ನೀರು ಜಾಸ್ತಿ ನಿಂತಿತೋ ಆ ಜಾಗ ಕೊನೆಗೆ ಒಣಗುತ್ತದೆ. ಶುರುವಿನ ತುದಿ ಬಹಳ ಹೊತ್ತು ಕಪ್ಪಾಗೇ ಉಳಿದರೆ ನೀವು ಅಲ್ಲಿ ಬ್ರಷ್ ಇಟ್ಟು ಯೋಚನೆ ಮಾಡಿದ್ದೀರಿ ಅಂತ ಅರ್ಥ. ಇಡೀ ಗೆರೆ ಒಟ್ಟಿಗೇ ಮಾಸಿಹೋದರೆ ಮುಂದಿನ ಹಂತಕ್ಕೆ ಹೋಗಬಹುದು.

ಗ್ರಾನೈಟ್ ಕಟ್ಟೆಯಾದರೆ ಇದು ಆಗದು. ನೀರು ಹನಿಹನಿಯಾಗಿ ನಿಲ್ಲುತ್ತದೆ. ಮಕ್ಕಳ ಕಲ್ಲಿನ ಸ್ಲೇಟು ತನ್ನಿ. ಅದೂ ಇಲ್ಲವೆಂದರೆ ಟೆರೇಸಿನ ಸಿಮೆಂಟು.

## ಹಂತ 3: ಬ್ರಷ್ ತುಂಬುವುದು

ಇದು ಇಡೀ ಕೆಲಸದ ಜೀವ. ನಿಧಾನವಾಗಿ ಓದಿ.

ಬ್ರಷ್ಷಿಗೆ ತುದಿ ಇದೆ, ಕೂದಲಿನ ನಡುವೆ ಉಬ್ಬಿದ ಹೊಟ್ಟೆ ಇದೆ, ಲೋಹದ ಬಳೆ ಕಟ್ಟಿದ ಕುತ್ತಿಗೆ ಇದೆ. ಇಂಕು ಉಳಿಯುವುದು ಹೊಟ್ಟೆಯಲ್ಲಿ. ಗೆರೆ ಮಾಡುವುದು ತುದಿ. ಕುತ್ತಿಗೆಗೆ ಇಂಕು ಹೋಗಬಾರದು. ಹೋದರೆ ಅಲ್ಲೇ ಗಟ್ಟಿಯಾಗಿ ಕೂದಲು ಬಿಚ್ಚಿಕೊಳ್ಳುತ್ತದೆ, ತುದಿ ಇನ್ನೆಂದೂ ಕೂಡುವುದಿಲ್ಲ.

ಮೊದಲು ಬ್ರಷ್ಷನ್ನು ನೀರಿಗೆ ಅದ್ದಿ, ಬಟ್ಟೆಯಲ್ಲಿ ಹಿಂಡಿ. ಕೂದಲು ತೇವ ಇರಬೇಕು, ನೀರು ಇಳಿಯಬಾರದು. ಆಮೇಲೆ ಕೂದಲಿನ ಮೂರರಲ್ಲಿ ಎರಡು ಭಾಗ ಮಾತ್ರ ಇಂಕಿಗೆ. ಎತ್ತುವಾಗ ಗುಂಡಿಯ ಅಂಚಿಗೆ ತಾಗಿಸಿ, ಬೆರಳಲ್ಲಿ ಹಿಡಿಕೆಯನ್ನು ಸ್ವಲ್ಪ ತಿರುಗಿಸುತ್ತಾ ಹೊರಗೆಳೆಯಿರಿ. ಹತ್ತಿ ಹೊಸೆದು ಬತ್ತಿ ಮಾಡಿದ ಹಾಗೆ ತುದಿ ಚೂಪಾಗುತ್ತದೆ. ಕೊನೆಗೆ ಹೊಟ್ಟೆಯನ್ನು ಬನಿಯನ್ ಬಟ್ಟೆಗೆ ಒಂದು ಕ್ಷಣ ತಾಗಿಸಿ. ತುದಿಯನ್ನಲ್ಲ, ಹೊಟ್ಟೆಯನ್ನು. ಈ ಒಂದು ಕ್ಷಣವೇ ಬೊಟ್ಟು ತಪ್ಪಿಸುವುದು.

ಕಾಗದಕ್ಕೆ ಹೋಗುವ ಮೊದಲು ಬ್ರಷ್ಷನ್ನು ಬೆಳಕಿಗೆ ಹಿಡಿದು ನೋಡಿ. ತುದಿಯಲ್ಲಿ ಹನಿ ಉಬ್ಬಿದ್ದರೆ ಜಾಸ್ತಿಯಾಯಿತು. ಒಂದೊಂದು ಕೂದಲೂ ಬೇರೆ ಬೇರೆ ಕಂಡರೆ ಕಡಿಮೆಯಾಯಿತು. ಮೈಯೆಲ್ಲ ಹೊಳೆಯುತ್ತಿದೆ, ಆದರೆ ಎಲ್ಲೂ ಉಬ್ಬಿಲ್ಲ ಅಂದರೆ ಸರಿ.

ಮೊದಲ ದಿನ ಗೆರೆಯೇ ಬೇಡ. ಇಪ್ಪತ್ತು ಸಲ ತುಂಬಿ, ಪ್ರತಿ ಸಲ ಒಂದೇ ಒಂದು ಇಂಚು ಎಳೆದು, ತೊಳೆದು, ಮತ್ತೆ ತುಂಬಿ. ಬೇಜಾರಿನ ಕೆಲಸ ಹೌದು. ಇದನ್ನು ಮಾಡಿದವರು ಉಳಿದರು. "ಇದೆಲ್ಲ ಆಮೇಲೆ ನೋಡೋಣ, ಮೊದಲು ಮುಖ ಬಿಡಿಸೋದು ಹೇಳಿ" ಅಂದವರು ಮೂರನೇ ಭಾನುವಾರಕ್ಕೆ ಬರಲಿಲ್ಲ.

## ಹಂತ 4: ಕೂರುವುದು, ಹಿಡಿಯುವುದು

ಬಾಲ್ ಪೆನ್ನಿನ ಹಾಗೆ ತುದಿಗೆ ಅಂಟಿ ಹಿಡಿಯಬೇಡಿ. ಲೋಹದ ಬಳೆ ಮುಗಿದು ಒಂದು ಇಂಚು ಮೇಲೆ ಹಿಡಿಯಿರಿ. ಬೇರೆಯವರು ಎಳೆದರೆ ಬ್ರಷ್ ಕೈಯಿಂದ ಜಾರಿ ಬರುವಷ್ಟು ಸಡಿಲ ಇರಲಿ. ಉಗುರಿನ ತುದಿ ಬಿಳಚಿಕೊಂಡಿದ್ದರೆ ಹಿಡಿತ ಬಿಗಿಯಾಗಿದೆ.

ಎರಡು ಇಂಚಿನ ಒಳಗಿನ ಗೆರೆಗೆ ಕಿರುಬೆರಳನ್ನು ಕಾಗದದ ಮೇಲೆ ಊರಬಹುದು. ಅದಕ್ಕಿಂತ ಉದ್ದದ್ದು ಭುಜದಿಂದ ಬರಬೇಕು. ದೊಡ್ಡ ರಂಗೋಲಿ ಹಾಕುವಾಗ ಇಡೀ ತೋಳು ಹೋಗುತ್ತದೆ ಅಲ್ವಾ, ಹಾಗೆ. ನಮ್ಮಲ್ಲಿ ಬಂದವರಲ್ಲಿ ದಿನಾ ರಂಗೋಲಿ ಹಾಕುವವರಿಗೆ ಇದನ್ನು ಹೇಳಿಕೊಡಬೇಕಾಗಲೇ ಇಲ್ಲ.

ಗೆರೆಯನ್ನು ನಿಮ್ಮ ಕಡೆಗೆ ಎಳೆದುಕೊಳ್ಳಿ, ದೂರಕ್ಕೆ ತಳ್ಳಬೇಡಿ. ದಿಕ್ಕು ಬೇರೆ ಬೇಕಾದರೆ ಕಾಗದ ತಿರುಗಿಸಿ. ಎಡಗೈಯವರು ಹಾಳೆಯ ಬಲತುದಿಯಿಂದ ಶುರು ಮಾಡಿ, ಇಲ್ಲದಿದ್ದರೆ ಒಣಗದ ಗೆರೆಯನ್ನು ಅಂಗೈಯೇ ಒರೆಸಿಬಿಡುತ್ತದೆ. ಮಣಿಕಟ್ಟಿನಲ್ಲಿ ನೋವು ಬಂದರೆ ಅಲ್ಲಿಗೆ ನಿಲ್ಲಿಸಿ. ಹೆಚ್ಚಿನ ಸಲ ಮೇಜು ಎತ್ತರವಾಗಿರುತ್ತದೆ, ಇಲ್ಲವೇ ಕುರ್ಚಿ ತಗ್ಗಾಗಿರುತ್ತದೆ. ನೆಲದ ಮೇಲೆ ಮಣೆ ಇಟ್ಟುಕೊಂಡು ಕೂತರೂ ತೊಂದರೆಯಿಲ್ಲ.

## ಹಂತ 5: ಒಂದೇ ದಪ್ಪದ ಗೆರೆ

ನ್ಯೂಸ್‌ಪೇಪರನ್ನು ಅಡ್ಡಕ್ಕೆ ತಿರುಗಿಸಿ ಮೇಜಿಗೆ ಟೇಪ್ ಹಾಕಿ. ಬ್ರಷ್ ನೆಟ್ಟಗೆ ಇರಲಿ. ತುದಿ ಮಾತ್ರ ತಾಗಲಿ. ಎಡದಿಂದ ಬಲಕ್ಕೆ ನಾಲ್ಕು ಇಂಚು.

ಎಳೆಯುವ ಮೊದಲು ಗಾಳಿಯಲ್ಲಿ ಎರಡು ಸಲ ಅದೇ ದಾರಿಯಲ್ಲಿ ಕೈ ಓಡಿಸಿ. ಮೂರನೇ ಸಲ ಕೈ ನಿಲ್ಲಿಸದೆ ಕೆಳಗಿಳಿಸಿ. ವಿಮಾನ ಇಳಿಯುವ ಹಾಗೆ, ಓಡುತ್ತಲೇ ನೆಲ ಮುಟ್ಟಬೇಕು. ಮುಗಿಸುವಾಗಲೂ ಓಡುತ್ತಲೇ ಏಳಬೇಕು. ಕಣ್ಣು ಬ್ರಷ್ಷಿನ ತುದಿಯಲ್ಲಿ ಬೇಡ, ಗೆರೆ ಎಲ್ಲಿ ಮುಗಿಯಬೇಕೋ ಅಲ್ಲಿರಲಿ. ಉಸಿರು ಬಿಡುತ್ತಾ ಎಳೆಯಿರಿ. ಉಸಿರು ಬಿಗಿಹಿಡಿದರೆ ಭುಜವೂ ಬಿಗಿಯುತ್ತದೆ.

ಹತ್ತು ಗೆರೆ ಒಂದರ ಕೆಳಗೊಂದು. ನಿಂತು ನೋಡಿ. ಗೆರೆಯುದ್ದಕ್ಕೂ ಸಣ್ಣ ಗಂಟುಗಳಿದ್ದರೆ ನೀವು ತೀರಾ ನಿಧಾನ. ನಡುವೆ ಬಿಳಿ ಬಿಳಿ ಬಿಟ್ಟುಹೋಗಿದ್ದರೆ ತೀರಾ ವೇಗ, ಅಥವಾ ಇಂಕು ಮುಗಿದಿದೆ. ಅಲೆ ಬಂದಿದ್ದರೆ ಮಣಿಕಟ್ಟಿನಿಂದ ಎಳೆದಿದ್ದೀರಿ. ಕೆಟ್ಟ ಗೆರೆಯ ಮೇಲೆ ಇನ್ನೊಮ್ಮೆ ಬ್ರಷ್ ಆಡಿಸಿ ಸರಿಮಾಡುವುದು ಬೇಡವೇ ಬೇಡ. ಪೆನ್ಸಿಲ್ಲಿನ ಅಭ್ಯಾಸ ಅದು. ಬಿಟ್ಟು ಮುಂದಿನದಕ್ಕೆ ಹೋಗಿ.

## ಹಂತ 6: ಒತ್ತಿ ಎತ್ತುವುದು

ಪೆನ್ಸಿಲ್ಲಿನಲ್ಲಿ ಇಲ್ಲದ್ದು, ಬ್ರಷ್ಷಿನಲ್ಲಿ ಮಾತ್ರ ಇರುವುದು ಇದು. ತುದಿಯಿಂದ ಶುರು ಮಾಡಿ, ಹೋಗುತ್ತಾ ಹೋಗುತ್ತಾ ಹೊಟ್ಟೆ ತಾಗುವ ತನಕ ಒತ್ತಿ, ಮತ್ತೆ ಎತ್ತುತ್ತಾ ತುದಿಗೆ ಬನ್ನಿ. ಸಣ್ಣ, ದಪ್ಪ, ಸಣ್ಣ. ತೋರಣದ ಮಾವಿನೆಲೆ ಒಂದೇ ಏಟಿಗೆ ಮೂಡುತ್ತದೆ.

ಇಲ್ಲಿ ಎಲ್ಲರೂ ಒಂದೇ ಕಡೆ ಎಡವುತ್ತಾರೆ. ಒತ್ತುವುದು ಸುಲಭ, ಎತ್ತುವುದು ಕಷ್ಟ. ಒತ್ತಿದ ಬ್ರಷ್ಷನ್ನು ಹಠಾತ್ತನೆ ಮೇಲೆತ್ತಿದರೆ ಕೂದಲು ಕೂಡಿಕೊಳ್ಳಲು ಸಮಯ ಸಿಗುವುದಿಲ್ಲ. ಬಾಲ ಎರಡಾಗಿ ಸೀಳುತ್ತದೆ. ಒತ್ತಲು ಎಷ್ಟು ದೂರ ಹೋದಿರೋ ಎತ್ತಲು ಅದಕ್ಕಿಂತ ಸ್ವಲ್ಪ ಜಾಸ್ತಿ ದೂರ ಕೊಡಿ. ಎತ್ತುವಾಗ ಬೆರಳಲ್ಲಿ ಹಿಡಿಕೆಯನ್ನು ಕೂದಲೆಳೆಯಷ್ಟು ತಿರುಗಿಸಿದರೆ ತುದಿ ತಾನೇ ಕೂಡುತ್ತದೆ. ಎಂಟು ಎಣಿಸುತ್ತಾ ಮಾಡಿ: ಒಂದು, ಎರಡು, ಮೂರಕ್ಕೆ ಒತ್ತು, ನಾಲ್ಕರಿಂದ ಎಂಟರ ತನಕ ಬಿಡುತ್ತಾ ಬನ್ನಿ.

ಕೂದಲು ಪೂರ್ತಿ ಮಲಗಿ ಲೋಹದ ಬಳೆ ಕಾಗದಕ್ಕೆ ಕೆರೆದ ಸದ್ದು ಬಂದರೆ ಒತ್ತಿದ್ದು ಅತಿಯಾಯಿತು. ಬ್ರಷ್ ಸಾಯುವುದು ಹೀಗೆಯೇ.

ಈ ಹಂತಕ್ಕೆ ಒಂದು ವಾರ ಕೊಡಿ. ಐವತ್ತು ಎಲೆ ದಿನಕ್ಕೆ. ಜೊತೆಗೆ ಒಳ್ಳೆ ಗೆರೆ ನೋಡುವ ಚಟ ಬೆಳೆಸಿಕೊಳ್ಳಿ. ಉಡುಪಿ ಹತ್ತಿರದ ಕಟ್ಟಿಂಗೇರಿಯಿಂದ ಬಂದು ಇದೇ ಮುಂಬೈಯಲ್ಲಿ ಬಾಳಿದ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರ (1911–1996) ಗೆರೆಚಿತ್ರ ಎಲ್ಲಾದರೂ ಸಿಕ್ಕಿದರೆ, ಅದರಲ್ಲಿ ಕುಣಿಯುವವರ ಮುಖ ನೋಡಬೇಡಿ. ಒಂದು ಗೆರೆ ಹಿಡಿದು ಅದು ಎಲ್ಲಿ ಶುರುವಾಯಿತು, ಎಲ್ಲಿ ತಿರುಗಿತು, ಎಲ್ಲಿ ಬಿಟ್ಟಿತು ಅಂತ ಬೆರಳಲ್ಲಿ ಗಾಳಿಯಲ್ಲೇ ಹಿಂಬಾಲಿಸಿ.

## ಹಂತ 7: ತಿರುವುಗಳು – ಠ, ಗ, ರ ಮತ್ತು ಚಕ್ಕುಲಿ

ತಿರುವು ಕಲಿಯಲು ಕನ್ನಡ ಬಲ್ಲವರಿಗೆ ಬೇರೆ ಪುಸ್ತಕ ಬೇಡ. ನಮ್ಮ ಅಕ್ಷರಗಳೇ ದುಂಡಗಿವೆ. ಠ ಬರೆಯಿರಿ, ನಾಲ್ಕು ಇಂಚು ದೊಡ್ಡದಾಗಿ. ಸುತ್ತು ಒಂದೇ ಉಸಿರಿಗೆ, ನಡುವಿನ ಬೊಟ್ಟು ಕೊನೆಗೆ. ಗ ಅಂದರೆ ಕಮಾನು, ಏರುವಾಗ ಸಣ್ಣಗೆ, ಇಳಿಯುವಾಗ ಒತ್ತಿ. ರ ದಲ್ಲಿ ಸುತ್ತು ಮತ್ತು ತಲೆಕಟ್ಟು ಎರಡೂ ಇವೆ. ಅಂದದ ಅಕ್ಷರ ಬರೆಯುವುದು ನಮ್ಮ ಗುರಿಯಲ್ಲ. ಕೈ ಹಳೆ ರೂಢಿಯಲ್ಲಿ ಗೀಚಿಬಿಡುತ್ತಿದೆ ಅನಿಸಿದರೆ ಅಕ್ಷರವನ್ನು ತಲೆಕೆಳಗಾಗಿ ಬರೆಯಿರಿ. ಆಗ ಕಣ್ಣಿಗೆ ಬರೀ ಆಕಾರ ಕಾಣುತ್ತದೆ.

ತಿರುವಿನಲ್ಲಿ ಕೋನ ಬಿದ್ದರೆ ಕೈ ಅಲ್ಲಿ ತಡವರಿಸಿದೆ. ಬ್ರಷ್ ನೆಟ್ಟಗಿಟ್ಟು ಮತ್ತೆ ಎಳೆಯಿರಿ. ಓರೆ ಹಿಡಿದರೆ ಒಂದು ಬದಿ ದಪ್ಪ, ಇನ್ನೊಂದು ಬದಿ ಹರಕು.

ಇದು ಬಂದ ಮೇಲೆ ಚಕ್ಕುಲಿ. ನಡುವಿನಿಂದ ಹೊರಗೆ ಐದು ಸುತ್ತು. ಗೆರೆಯನ್ನು ನೋಡಬೇಡಿ, ಎರಡು ಗೆರೆ ನಡುವಿನ ಬಿಳಿ ಜಾಗ ನೋಡಿ. ಅದು ಸುತ್ತಲೂ ಒಂದೇ ಅಗಲ ಇರಬೇಕು. ನನ್ನ ಮೊದಲ ಚಕ್ಕುಲಿಗಳು ಒಲೆಯ ಮೇಲೂ ಕಾಗದದ ಮೇಲೂ ಒಂದೇ ರೀತಿ ಬಿಚ್ಚಿಕೊಂಡವು. ಐದು ಸುತ್ತಿಗೆ ಇಂಕು ಸಾಲದಿದ್ದರೆ ನಡುವೆ ಅದ್ದಿ ಸೇರಿಸುವ ಕಸರತ್ತು ಈಗ ಬೇಡ. ಮೂರೇ ಸುತ್ತು ಸಾಕು.

## ಹಂತ 8: ಚಿಮ್ಮುವ ಗೆರೆ, ಹನಿ, ಒಣ ಬ್ರಷ್

ಚಿಮ್ಮುವ ಗೆರೆಗೆ ಒತ್ತಿ ಶುರು ಮಾಡಿ, ವೇಗವಾಗಿ ಎತ್ತಿಬಿಡಿ. ಹುಲ್ಲು, ಹುಬ್ಬು, ಕಾಗೆಯ ರೆಕ್ಕೆ ಎಲ್ಲ ಇದರಿಂದಲೇ. ಹನಿಗೆ ಬ್ರಷ್ಷನ್ನು ಓರೆಯಾಗಿ ಇಟ್ಟು, ಒತ್ತಿ, ಎಳೆಯದೆ ಎತ್ತಿ. ಒಂದು ಕಡೆ ಚೂಪು, ಒಂದು ಕಡೆ ದುಂಡು. ಎರಡೂ ಎರಡು ದಿನದ ಕೆಲಸ.

ಒಣ ಬ್ರಷ್ಷಿನ ಗೆರೆ ಬೇಕಾದರೆ, ಇಂಕು ತುಂಬಿದ ಮೇಲೆ ಬ್ರಷ್ಷನ್ನು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಕೂದಲನ್ನು ಬೆರಳಲ್ಲಿ ಸ್ವಲ್ಪ ಚಪ್ಪಟೆ ಮಾಡಿ, ಕಾಗದದ ಮೇಲೆ ಹಗುರವಾಗಿ ಸವರಿ. ತೆಂಗಿನಮರದ ಕಾಂಡ, ನಾರು, ಹಳೆ ಗೋಡೆಯ ಗಾರೆ ಬರುತ್ತದೆ. ನಯವಾದ ಕಾಗದದಲ್ಲಿ ಇದು ಸರಿ ಮೂಡದು, ಸ್ವಲ್ಪ ಒರಟು ಹಾಳೆ ಬೇಕು. ಅಪಾಯ ಏನೆಂದರೆ ಇದು ಬೇಗ ಚೆನ್ನಾಗಿ ಕಾಣುತ್ತದೆ. ಎಲ್ಲ ಕಡೆ ಇದನ್ನೇ ಬಳಿಯುವ ಆಸೆಯಾಗುತ್ತದೆ. ಊಟಕ್ಕೆ ಉಪ್ಪಿನಕಾಯಿ ಇದ್ದಷ್ಟು ಸಾಕು.

## ಹಂತ 9: ತೆಳು ಇಂಕು

ಇಡ್ಲಿ ತಟ್ಟೆಯ ಒಂದು ಗುಂಡಿಯಲ್ಲಿ ಅಪ್ಪಟ ಇಂಕು ಇದೆ. ಉಳಿದ ಮೂರಕ್ಕೂ ಒಂದೊಂದು ಚಮಚ ನೀರು ಹಾಕಿ. ಡ್ರಾಪರಿನಿಂದ ಒಂದಕ್ಕೆ 2 ಹನಿ ಇಂಕು, ಇನ್ನೊಂದಕ್ಕೆ 6, ಮತ್ತೊಂದಕ್ಕೆ 20. ಇಂಕಿಗೆ ನೀರು ಸುರಿಯುವುದಲ್ಲ, ನೀರಿಗೆ ಇಂಕು ಬಿಡುವುದು. ಹಾಳೆಯ ಅಂಚಿನಲ್ಲಿ ನಾಲ್ಕೂ ಬಳಿದು ಒಣಗಲು ಬಿಡಿ. ಒಣಗಿದ ಮೇಲೆ ಎಲ್ಲವೂ ಒಂದು ಅಂಶ ಮಾಸುತ್ತದೆ. ಒದ್ದೆಯಲ್ಲಿ ಸರಿ ಕಂಡದ್ದು ಒಣಗಿದಾಗ ಸಪ್ಪೆ.

ಕ್ರಮ ಹೀಗೆ: ಮೊದಲು ತೆಳು, ಅದು ಒಣಗಿದ ಮೇಲೆ ನಡುವಿನದು, ಕೊನೆಗೆ ಕಪ್ಪು. ಒಣಗಿದೆಯೋ ಇಲ್ಲವೋ ಅಂತ ಬೆರಳಿನ ಹಿಂಬದಿಯಿಂದ ಮುಟ್ಟಿ. ತಣ್ಣಗಿದ್ದರೆ ಇನ್ನೂ ಒದ್ದೆ. ಅರ್ಧ ಒಣಗಿದ ಜಾಗಕ್ಕೆ ಮತ್ತೆ ಬ್ರಷ್ ಹಾಕಿದರೆ ಹೂಕೋಸಿನಂಥ ಕಲೆ ಬೀಳುತ್ತದೆ, ಅದು ಹೋಗದು. ಕಪ್ಪು ಗೆರೆಯನ್ನು ಮೊದಲೇ ಹಾಕಿ ಮೇಲೆ ತೆಳು ಇಂಕು ಬಳಿಯಬಹುದು, ಇಂಕು ವಾಟರ್‌ಪ್ರೂಫ್ ತಾನೆ. ಆದರೆ ಗೆರೆ ಪೂರ್ತಿ ಒಣಗಿರಲೇಬೇಕು.

## ಹಂತ 10: ಮೆಣಸಿನಕಾಯಿ, ಆಮೇಲೆ ಬಂಗುಡೆ

ಮುಖ, ದೇವರು, ಕುದುರೆ ಇನ್ನೂ ಬೇಡ. ಹಸಿಮೆಣಸಿನಕಾಯಿ ಒಂದನ್ನು ತಟ್ಟೆಯಲ್ಲಿಡಿ. ಮೈ ಅಂದರೆ ಹಂತ 6ರ ಒತ್ತಿ ಎತ್ತುವ ಗೆರೆ, ಸ್ವಲ್ಪ ಬಾಗಿಸಿ. ತೊಟ್ಟು ಹಂತ 5ರದ್ದು. ಎರಡೇ ಏಟು. ಇದನ್ನೇ ಮೂವತ್ತು ಸಲ. ಮೂವತ್ತರಲ್ಲಿ ನಾಲ್ಕು ಖಾರ ಕಂಡರೆ ಗೆದ್ದಿರಿ.

ಆಮೇಲೆ ಬಂಗುಡೆ. ಮಾರ್ಕೆಟಿನಿಂದ ತಂದು ತೊಳೆದು ಬಾಳೆಲೆ ಮೇಲಿಟ್ಟರೆ ಹತ್ತು ನಿಮಿಷ ಸಿಗುತ್ತದೆ, ಅಷ್ಟರಲ್ಲಿ ಮುಗಿಸಬೇಕು, ಅಡುಗೆಮನೆಯಿಂದ ಕರೆ ಬರುತ್ತದೆ. ನಮ್ಮ ಗುಂಪಿನ ಅರ್ಧ ಜನ ಸಸ್ಯಾಹಾರಿಗಳು. ಅವರು ಬದನೆಕಾಯಿ ತೆಗೆದುಕೊಳ್ಳುತ್ತಾರೆ, ಒಬ್ಬರನ್ನು ಬಿಟ್ಟು. "ನೋಡೋಕೇನು ಅಡ್ಡಿ?" ಅಂತಾರೆ ಅವರು.

1. ಬೆನ್ನಿನ ತಿರುವು, ಮೂತಿಯಿಂದ ಬಾಲದ ತನಕ, ಒಂದೇ ಗೆರೆ. ನಡುವೆ ಸ್ವಲ್ಪ ಒತ್ತು.
2. ಹೊಟ್ಟೆಯ ತಿರುವು, ಬೆನ್ನಿಗಿಂತ ಸಣ್ಣ ಗೆರೆಯಲ್ಲಿ. ಎರಡೂ ಒಂದೇ ದಪ್ಪವಾದರೆ ಮೀನು ತಗಡಿನಲ್ಲಿ ಕತ್ತರಿಸಿದ ಹಾಗಿರುತ್ತದೆ.
3. ಬಾಲಕ್ಕೆ ಎರಡು ಚಿಮ್ಮುವ ಗೆರೆ. ಕಿವಿರಿಗೆ ಒಂದು ಸಣ್ಣ ಕಮಾನು. ಕಣ್ಣಿಗೆ ದುಂಡು ಬೊಟ್ಟು, ಒಳಗೆ ಎಳ್ಳಿನಷ್ಟು ಬಿಳಿ ಉಳಿಸಿ.
4. ಬಾಲದ ಹತ್ತಿರ ಮೇಲೂ ಕೆಳಗೂ ಪುಟ್ಟ ಪುಟ್ಟ ರೆಕ್ಕೆಗಳ ಸಾಲಿದೆ. ಅವು ಹನಿಗಳು.
5. ಎಲ್ಲ ಒಣಗಲಿ. ಬೆನ್ನ ಭಾಗಕ್ಕೆ ಹಂತ 9ರ 6 ಹನಿಯ ತೆಳು ಇಂಕು. ಹೊಟ್ಟೆಯನ್ನು ಮುಟ್ಟಬೇಡಿ, ಅಲ್ಲಿ ಕಾಗದದ ಬಿಳಿಯೇ ಬೆಳ್ಳಿ.
6. ಅದೂ ಒಣಗಿದ ಮೇಲೆ ಬೆನ್ನಿನ ಮೇಲೆ ಉದ್ದಕ್ಕೆ ಹೋಗುವ ಪಟ್ಟೆಗಳು, ಒಣ ಬ್ರಷ್ಷಿನಲ್ಲಿ, ಅಲ್ಲಲ್ಲಿ ಬಿಟ್ಟು ಬಿಟ್ಟು.

ಒಂದೊಂದೇ ಹುರುಪೆ ಬಿಡಿಸಲು ಕೂತರೆ ಕೆಟ್ಟಿರಿ. ಮೀನು ಎಲ್ಲಿ ಕೆಟ್ಟಿತು ಅಂತ ಹುಡುಕಿ, ಆ ಗೆರೆಯ ಹಂತಕ್ಕೆ ವಾಪಸ್ ಹೋಗಿ, ಹತ್ತು ಸಲ ಅದನ್ನಷ್ಟೇ ಮಾಡಿ ಬನ್ನಿ. ಮೀನನ್ನು ಮತ್ತೆ ಮತ್ತೆ ಬಿಡಿಸಿ ಪ್ರಯೋಜನವಿಲ್ಲ.

## ದಿನಕ್ಕೆ ಎಷ್ಟು ಹೊತ್ತು?

ಇಪ್ಪತ್ತು ನಿಮಿಷ. ಐದು ನಿಮಿಷ ನೀರಿನಲ್ಲಿ, ಹತ್ತು ನಿಮಿಷ ಆ ದಿನದ ಹಂತ, ಐದು ನಿಮಿಷ ತೊಳೆಯಲು. ಭಾನುವಾರ ಮೂರು ಗಂಟೆ ಕೂತು ವಾರವಿಡೀ ಮುಟ್ಟದಿದ್ದರೆ ಪ್ರತಿ ಭಾನುವಾರ ಹಂತ 3ರಿಂದಲೇ ಶುರು ಮಾಡಬೇಕಾಗುತ್ತದೆ. ಹಾಳೆಯ ಮೂಲೆಯಲ್ಲಿ ತಾರೀಕು ಹಾಕಿ, ಎಸೆಯಬೇಡಿ. ಲೋಕಲ್ ಟ್ರೇನಿನಲ್ಲಿ ಮಾಡಬಹುದಾ ಅಂತ ಕೇಳುವವರಿದ್ದಾರೆ. ಸೀಟು ಸಿಕ್ಕಿದರೆ ಬ್ರಷ್ ಪೆನ್ ಹಿಡಿದು ಜನರ ಭಂಗಿ ಗೀಚಿ. ಸ್ಪಂಜಿನ ತುದಿಯದ್ದಲ್ಲ, ಕೂದಲಿನ ತುದಿಯದ್ದು. ಇಂಕಿನ ಬಾಟಲಿ ಮಾತ್ರ ತೆಗೆಯಬೇಡಿ, ಪಕ್ಕದವರ ಬಿಳಿ ಅಂಗಿಯ ಮೇಲೆ ಕರುಣೆ ಇರಲಿ.

## ಮಳೆಗಾಲದ ಕಿರಿಕಿರಿ

ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಹಪ್ಪಳವೂ ಮೆತ್ತಗೆ, ಕಾಗದವೂ ಮೆತ್ತಗೆ. ಏಪ್ರಿಲ್‌ನಲ್ಲಿ ಸರಿಯಾಗಿ ಬರುತ್ತಿದ್ದ ಗೆರೆ ಜುಲೈಯಲ್ಲಿ ಅಂಚಿನಲ್ಲಿ ಕೂದಲು ಕೂದಲಾಗಿ ಹರಡಿದರೆ ನಿಮ್ಮ ಕೈ ಕೆಟ್ಟಿಲ್ಲ, ಹಾಳೆ ತೇವ ಕುಡಿದಿದೆ. ಹಾಳೆಯ ಮೇಲೆ ತೆಳು ಹತ್ತಿ ಬಟ್ಟೆ ಹಾಸಿ, ಕಡಿಮೆ ಬಿಸಿಯ ಇಸ್ತ್ರಿಪೆಟ್ಟಿಗೆ ಆಡಿಸಿ, ಆರಿದ ಮೇಲೆ ಬಳಸಿ. ಉಳಿದ ಹಾಳೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಕಟ್ಟಿಡಿ. ಬೇಸಿಗೆಯಲ್ಲಿ ತೊಂದರೆ ಉಲ್ಟಾ. ಫ್ಯಾನಿನ ಕೆಳಗೆ ಗುಂಡಿಯ ಇಂಕು ದಪ್ಪವಾಗುತ್ತದೆ. ಗೆರೆ ಎಳೆಯುವಾಗ ಬ್ರಷ್ ಜಗ್ಗಿದಂತಾದರೆ ಒಂದೆರಡು ಹನಿ ನೀರು ಬಿಡಿ. ಮಿಕ್ಕ ಇಂಕನ್ನು ವಾಪಸ್ ಬಾಟಲಿಗೆ ಸುರಿಯಬೇಡಿ.

## ತೊಳೆಯುವುದು

ಈ ಇಂಕಿನಲ್ಲಿ ಅರಗು ಇರುತ್ತದೆ. ಒಣಗಿದರೆ ನೀರಿಗೆ ಜಗ್ಗುವುದಿಲ್ಲ. ಊರಿನಿಂದ ಫೋನ್ ಬಂತು ಅಂತ ಎದ್ದು, ಮುಕ್ಕಾಲು ಗಂಟೆ ಮಾತಾಡಿ ಬಂದು, ಒಂದು ಒಳ್ಳೆ ಬ್ರಷ್ ಕಳೆದುಕೊಂಡಿದ್ದೇನೆ. ಏಳುವ ಮೊದಲು ಬ್ರಷ್ಷನ್ನು ನೀರಿಗೆ ಅದ್ದಿ ಮಲಗಿಸಿ ಏಳಿ. ನೀರಿನ ಲೋಟದಲ್ಲಿ ತಲೆಕೆಳಗಾಗಿ ನಿಲ್ಲಿಸಬೇಡಿ, ತುದಿ ಕೊಕ್ಕೆಯಾಗುತ್ತದೆ.

ಕೆಲಸ ಮುಗಿದ ಮೇಲೆ ತಣ್ಣೀರು, ಸ್ನಾನದ ಸೋಪು. ಅಂಗೈಯಲ್ಲಿ ಸೋಪು ಹಚ್ಚಿ ಬ್ರಷ್ಷನ್ನು ಒಂದೇ ದಿಕ್ಕಿಗೆ ಎಳೆಯುತ್ತಾ ಹೋಗಿ. ಕುತ್ತಿಗೆಯ ಹತ್ತಿರ ಬೆರಳಲ್ಲಿ ಹಿಂಡಿದಾಗ ಬೂದು ನೀರು ಬರುತ್ತಿದ್ದರೆ ಇನ್ನೂ ಮುಗಿದಿಲ್ಲ. ಬೆರಳಲ್ಲಿ ತುದಿ ಚೂಪು ಮಾಡಿ, ಬಟ್ಟೆಯ ಮೇಲೆ ಅಡ್ಡ ಮಲಗಿಸಿ ಒಣಗಿಸಿ. ಒದ್ದೆ ಬ್ರಷ್ಷನ್ನು ನೆಟ್ಟಗೆ ನಿಲ್ಲಿಸಿದರೆ ನೀರು ಬಳೆಯೊಳಗೆ ಇಳಿದು ಹಿಡಿಕೆ ಸಡಿಲವಾಗುತ್ತದೆ. ಮಳೆಗಾಲದಲ್ಲಿ ಮುಚ್ಚಿದ ಡಬ್ಬಿಗೆ ಹಾಕಿದರೆ ಬೂಷ್ಟು. ಪ್ರಾಣಿಯ ಕೂದಲಿನ ಬ್ರಷ್ ಇದ್ದರೆ ಹುಳ ತಿನ್ನುತ್ತದೆ, ಪೂರ್ತಿ ಒಣಗಿದ ಮೇಲೆ ಇಲ್ಲಿನವರು ಡಾಂಬರ್ ಗೋಳಿ ಅನ್ನುವ ನುಸಿಗುಳಿಗೆ ಒಂದನ್ನು ಪಕ್ಕದಲ್ಲಿಡಿ.

ಇಷ್ಟೆಲ್ಲ ಮಾಡಿದರೂ ಕೆಲವು ತಿಂಗಳಲ್ಲಿ ತುದಿ ಕೂಡುವುದು ನಿಲ್ಲುತ್ತದೆ. ಆ ಬ್ರಷ್ಷನ್ನು ಎಸೆಯಬೇಡಿ. ಹಿಡಿಕೆಗೆ ಒಂದು ಕೆಂಪು ದಾರ ಕಟ್ಟಿ ಬೇರೆ ಇಡಿ. ತೆಂಗಿನಮರದ ಕಾಂಡಕ್ಕೆ ಹೊಸ ಬ್ರಷ್ಷಿಗಿಂತ ಅದೇ ಚೆನ್ನ.